ಎಲ್ಲ ಹೇಳಿಕೊಟ್ಟರು, ಟೈರಿನ ಗಾಳಿ ಒಂದನ್ನು ಬಿಟ್ಟು

ನಮ್ಮ ಪಿಕಪ್ ರೇಸಿನ ಕ್ಲಬ್ಬಿನವರನ್ನು ಏನು ಬೇಕಾದರೂ ಕೇಳಬಹುದು. ಗೇರ್‌ಬಾಕ್ಸ್ ಇಳಿಸಬೇಕು ಅಂದರೆ ರಾತ್ರಿ ಹತ್ತು ಗಂಟೆಗೂ ಜಾಕ್ ಹಿಡಿದುಕೊಂಡು ಬರುತ್ತಾರೆ. ದುಬಾರಿ ಸ್ಕ್ಯಾನರ್ ಕೊಟ್ಟು ಆರು ತಿಂಗಳು ಮರೆತುಬಿಡುತ್ತಾರೆ. ಯಾವ ಸ್ಪಾರ್ಕ್ ಪ್ಲಗ್, ಎಷ್ಟು ಗ್ಯಾಪ್, ಯಾವ ಆಯಿಲ್, ಎಲ್ಲ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ರೇಸಿನ ದಿನ ಹಿಂದಿನ ಟೈರಿನಲ್ಲಿ ಎಷ್ಟು ಗಾಳಿ ಇಟ್ಟಿದ್ದೀಯಾ ಅಂತ ಮಾತ್ರ ಕೇಳಬಾರದು. ಕೇಳಿದರೆ ಸುಳ್ಳು ಹೇಳುತ್ತಾರೆ. ಇಷ್ಟು ವರ್ಷದಿಂದ ನಾನೂ ಹೇಳುತ್ತಿದ್ದೇನೆ.

ನನ್ನೂರು ಮೂಡುಬಿದಿರೆ ಹತ್ತಿರ. ಈಗ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ, ಡೆಟ್ರಾಯಿಟಿನಿಂದ ಪಶ್ಚಿಮಕ್ಕೆ. ಬ್ರೇಕಿನ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ವಾರವಿಡೀ ಗಾಡಿ ನಿಲ್ಲಿಸುವ ಲೆಕ್ಕ, ರಜೆಯ ದಿನ ಓಡಿಸುವ ಹುಚ್ಚು.

2009ರಲ್ಲಿ ಡೆಟ್ರಾಯಿಟಿನ ಕಾರು ಕಂಪನಿಗಳ ಸ್ಥಿತಿ ಕೆಟ್ಟಿತ್ತು. ಊರೆಲ್ಲ ಗಾಡಿ ಮಾರುವವರೇ, ಕೊಳ್ಳುವವರಿಲ್ಲ. ಆಗ ನಾನು ಒಂದು ನೀಲಿ ಬಣ್ಣದ 2003ರ ಫೋರ್ಡ್ ಲೈಟ್ನಿಂಗ್ ಕೊಂಡೆ. ಅಮ್ಮನಿಗೆ ಫೋಟೋ ಕಳಿಸಿದೆ. "ಇಷ್ಟು ಓದಿ ಪಿಕಪ್ ಗಾಡಿಯಾ? ಅದರಲ್ಲಿ ಏನು ಸಾಗಿಸ್ತೀಯಾ, ಅಡಿಕೆಯಾ?" ಅಂದರು. ಅವರದ್ದು ತಪ್ಪಿಲ್ಲ. ಊರಲ್ಲಿ ಪಿಕಪ್ ಅಂದರೆ ಅಡಿಕೆ, ಕೋಳಿ, ಗ್ಯಾಸ್ ಸಿಲಿಂಡರ್. ಇದರಲ್ಲೂ ಹಿಂದೆ ತೆರೆದ ತೊಟ್ಟಿ ಇದೆ, ಮುಂದೆ ಒಂದೇ ಸಾಲು ಸೀಟು. ಆದರೆ ಬಾನೆಟ್ ಎತ್ತಿದರೆ ಬೇರೆಯೇ ಪ್ರಪಂಚ. 5.4 ಲೀಟರಿನ ವಿ8 ಇಂಜಿನ್. ಅದರ ತಲೆ ಮೇಲೆ ಸೂಪರ್‌ಚಾರ್ಜರ್, ಅಂದರೆ ಬೆಲ್ಟಿನಿಂದ ತಿರುಗುತ್ತಾ ಇಂಜಿನ್ನಿಗೆ ಗಾಳಿ ತುರುಕುವ ಯಂತ್ರ. ಕಂಪನಿ ಹೇಳುವ ಶಕ್ತಿ 380 ಹಾರ್ಸ್‌ಪವರ್. ಸೈಲೆನ್ಸರ್ ಕೊಳವೆ ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ಹೊರಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರಿಗೆ ಅಲಾರಂ ಬೇಡ.

ಕೊಂಡ ತಿಂಗಳಲ್ಲೇ ಒಂದು ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಹತ್ತಿರ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಕಾಲು ಮೈಲಿ ಎಷ್ಟು ಸೆಕೆಂಡಿನಲ್ಲಿ ಓಡುತ್ತೆ?" ಅಂದರು. ಗೊತ್ತಿಲ್ಲ ಅಂದೆ. "ಗೊತ್ತಿಲ್ಲದೆ ಹೇಗೆ ನಿದ್ದೆ ಬರುತ್ತೆ ನಿನಗೆ?" ಅಂತ ಕೇಳಿ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಹಾಗೆ ಸೇರಿದೆ ಕ್ಲಬ್ಬಿಗೆ.

ಇಪ್ಪತ್ತು ಚಿಲ್ಲರೆ ಜನ. ಹೆಚ್ಚಿನವರದ್ದು ಲೈಟ್ನಿಂಗ್, ಉಳಿದದ್ದು ಬೇರೆ ಬೇರೆ. ಅಲ್ಲಿ ಮನುಷ್ಯರಿಗೆ ಸ್ವಂತ ಹೆಸರಿಲ್ಲ. ಗಾಡಿಯ ಹೆಸರೇ ಹೆಸರು. ನಾನು ಬ್ಲೂ. ಬಂಕಿನಲ್ಲಿ ಸಿಕ್ಕಿದವರ ಬಳಿ ಕಪ್ಪು ಬಣ್ಣದ ಜಿಎಂಸಿ ಸೈಕ್ಲೋನ್ ಇತ್ತು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನು ಮನಸ್ಸಿನಲ್ಲೇ ಅವರಿಗೆ ಸೈಕ್ಲೋನ್ ಅಜ್ಜ ಅಂತ ಹೆಸರಿಟ್ಟೆ. 1990ರ ಷೆವ್ರೊಲೆ 454 ಎಸ್‌ಎಸ್ ಓಡಿಸುವ ಶಾಲಾ ಟೀಚರ್ ಒಬ್ಬರಿದ್ದರು, 454 ಅಕ್ಕ. ಮತ್ತೆ ಒಬ್ಬನೇ ಒಬ್ಬ ಡಾಡ್ಜ್‌ನವನು. ಕೆಂಪು ರಾಮ್ ಎಸ್‌ಆರ್‌ಟಿ-10, 2004ರದ್ದು. ಎಲ್ಲರೂ ಅವನನ್ನು ರಾಮ್ ಅಂತಲೇ ಕರೆಯುತ್ತಿದ್ದರು. ರಾಮ್ ಅಂದರೆ ಟಗರು, ಗಾಡಿ ಮೂತಿಯ ಮೇಲೆ ಟಗರಿನ ತಲೆ ಇದೆ. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಲಿಲ್ಲ. ಫೋನಿನಲ್ಲಿ ರಾಮ್ ಹೀಗಂದ, ರಾಮ್ ಹಾಗಂದ ಅನ್ನುತ್ತಿದ್ದೆ. ಅವರು ರಾಮಣ್ಣ ಅಂತ ಮಾಡಿಕೊಂಡರು. "ರಾಮಣ್ಣನ ಮನೆಯವರು ಚೆನ್ನಾಗಿದ್ದಾರಾ?" ಅಂತ ಈಗಲೂ ಕೇಳುತ್ತಾರೆ. ಮಂಗಳೂರು ಕಡೆಯವನೇ ಇರಬೇಕು ಅಂತ ಅವರ ನಂಬಿಕೆ.

ಈ ರಾಮಣ್ಣನೇ ನನ್ನ ಎದುರಾಳಿ. ಆಯ್ಕೆ ನನ್ನದಲ್ಲ, ಅವನದ್ದೂ ಅಲ್ಲ. ಗಾಡಿಗಳೇ ಹಾಗಿದ್ದವು.

ಅವನದ್ದು 8.3 ಲೀಟರ್, ವಿ10. ಡಾಡ್ಜ್ ವೈಪರ್ ಅನ್ನುವ ಸ್ಪೋರ್ಟ್ಸ್ ಕಾರಿನ ಇಂಜಿನ್ ತೆಗೆದು ಪಿಕಪ್ಪಿಗೆ ಹಾಕಿದ್ದು. 500 ಹಾರ್ಸ್‌ಪವರ್. 2004ರ ಫೆಬ್ರವರಿಯಲ್ಲಿ ನ್ಯಾಸ್ಕಾರ್ ಅನ್ನುವ ಅಮೆರಿಕದ ಕಾರ್ ರೇಸಿನ ಚಾಲಕ ಬ್ರೆಂಡನ್ ಗಾನ್ ಇದೇ ಮಾದರಿಯನ್ನು ಮಿಷಿಗನ್ನಿನ ಚೆಲ್ಸಿಯಲ್ಲಿರುವ ಪರೀಕ್ಷಾ ಟ್ರ್ಯಾಕಿನಲ್ಲಿ ಗಂಟೆಗೆ 154 ಮೈಲಿಗೂ ಜಾಸ್ತಿ ಓಡಿಸಿ ಅತಿ ವೇಗದ ಪಿಕಪ್ ಅನ್ನುವ ಗಿನ್ನಿಸ್ ದಾಖಲೆ ಮಾಡಿದ್ದರು. ಇದನ್ನು ರಾಮಣ್ಣ ಪ್ರತಿ ಮೀಟಿಂಗಿನಲ್ಲೂ ಒಮ್ಮೆ ಹೇಳುತ್ತಿದ್ದ, ಸತ್ಯನಾರಾಯಣ ಕತೆ ಓದಿದ ಹಾಗೆ. 2006ರಲ್ಲಿ ಆಸ್ಟ್ರೇಲಿಯಾದ ಹೋಲ್ಡನ್ ಮಾಲೂ ಅನ್ನುವ ಪಿಕಪ್ ಆ ದಾಖಲೆ ಕಿತ್ತುಕೊಂಡಿತು ಅನ್ನುವ ಅಧ್ಯಾಯವನ್ನು ಮಾತ್ರ ಬಿಟ್ಟುಬಿಡುತ್ತಿದ್ದ. ಅದನ್ನು ನಾವು ಓದುತ್ತಿದ್ದೆವು.

ಶಕ್ತಿ ಅವನಿಗೆ ಜಾಸ್ತಿ. ಆದರೆ ಅವನದ್ದು ಆರು ಗೇರಿನ ಮ್ಯಾನುವಲ್ ಗಾಡಿ, ನನ್ನದು ಆಟೋಮ್ಯಾಟಿಕ್. ನನ್ನ ಗಾಡಿ ಹೊರಡುವಾಗ ಚುರುಕು, ತೂಕವೂ ಸ್ವಲ್ಪ ಕಮ್ಮಿ. ಅವನು ಕ್ಲಚ್ ಸರಿಯಾಗಿ ಬಿಡದಿದ್ದರೆ ಟೈರು ನಿಂತಲ್ಲೇ ತಿರುಗುತ್ತದೆ. ಹಾಗಾಗಿ ನಮ್ಮಿಬ್ಬರ ಪ್ರತಿ ರೇಸೂ ಒಂದೇ ತರ. ಮೊದಲು ನಾನು ಮುಂದೆ. ಅರ್ಧ ದಾರಿಯಲ್ಲಿ ಕನ್ನಡಿಯಲ್ಲಿ ಕೆಂಪು ಬಣ್ಣ. ಕೊನೆಯ ಮುನ್ನೂರು ಅಡಿಯಲ್ಲಿ ಪಕ್ಕದಿಂದ ಆ ವಿ10 ಕೂಗು. ಗೆರೆ ದಾಟುವಾಗ ಯಾರು ಮುಂದೆ ಅಂತ ನಮಗಿಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ನಾವು ಓಡಿಸುವುದು ಮೈಲನ್ ಡ್ರ್ಯಾಗ್‌ವೇನಲ್ಲಿ. ಸ್ಪೆಲ್ಲಿಂಗು ಇಟಲಿಯ ಮಿಲಾನಿನದ್ದೇ, ಇಲ್ಲಿಯವರು ಮೈಲನ್ ಅನ್ನುತ್ತಾರೆ. ಮಿಲಾನ್ ಅಂದರೆ ಹೊರಗಿನವನು ಅಂತ ಗೊತ್ತಾಗುತ್ತದೆ. ನೇರ ಕಾಲು ಮೈಲಿ, ಸುಮಾರು 400 ಮೀಟರ್, ಪಕ್ಕಪಕ್ಕದಲ್ಲಿ ಎರಡು ಲೇನು. ಮೊದಲ ಸಲ ನೋಡಿದಾಗಲೇ ನನಗೆ ಕಂಬಳದ ಜೋಡುಕರೆ, ಅಂದರೆ ಕೋಣ ಓಡುವ ಜೋಡಿ ಕೆಸರು ದಾರಿ, ನೆನಪಾಯಿತು. ಕಂಬಳದಲ್ಲೂ ಅಷ್ಟೇ ಅಲ್ವಾ? ಎರಡು ಕರೆ, ಎರಡು ಜೊತೆ ಕೋಣ, ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಗೆ ಒಂದೇ ಉಸಿರು. ಇಲ್ಲಿ ಕೆಸರಿಲ್ಲ, ಅಂಟು ಮೆತ್ತಿದ ಕಾಂಕ್ರೀಟು. ಚಪ್ಪಲಿ ಹಾಕಿಕೊಂಡು ನಡೆದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ನಮ್ಮ ಮಾವನ ಮನೆಯಲ್ಲಿ ಒಂದು ಕಾಲದಲ್ಲಿ ಕೋಣ ಇದ್ದವು. ಎದುರಾಳಿ ಮನೆಯ ಕೋಣಕ್ಕೆ ಹುಷಾರಿಲ್ಲ ಅಂದರೆ ಮೊದಲು ಓಡುತ್ತಿದ್ದವರು ನಮ್ಮ ಮಾವನೇ. ಎಣ್ಣೆ ಹಚ್ಚುವುದು, ಕಷಾಯ ಕುಡಿಸುವುದು, ಎಲ್ಲದಕ್ಕೂ ಮುಂದೆ. ಆದರೆ "ನೀವು ದಿನಕ್ಕೆ ಹುರುಳಿ ಎಷ್ಟು ಸೇರು ಹಾಕ್ತೀರಿ?" ಅಂತ ಕೇಳಿದರೆ ಒಂದು ಸೇರು ಕಮ್ಮಿ ಮಾಡಿಯೇ ಹೇಳುತ್ತಿದ್ದರು. ಹಾಗಾಗಿ ಕ್ಲಬ್ಬಿನ ರೀತಿ ನನಗೆ ಹೊಸದು ಅನ್ನಿಸಲಿಲ್ಲ.

2010ರ ವಸಂತದಲ್ಲಿ ನನ್ನ ಮೊದಲ ಓಟ. ಗೆರೆಯ ಮುಂದೆ ಒಂದು ಕಂಬ, ಅದರಲ್ಲಿ ದೀಪಗಳು. ಇಲ್ಲಿಯವರು ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ. ಮುಂದಿನ ಚಕ್ರ ಬೆಳಕಿನ ಗೆರೆಗೆ ತಾಗಿದ ಮೇಲೆ ಮೂರು ಹಳದಿ ದೀಪ ಒಂದಾದ ಮೇಲೊಂದು ಅರ್ಧರ್ಧ ಸೆಕೆಂಡಿಗೆ ಹತ್ತುತ್ತವೆ, ಆಮೇಲೆ ಹಸಿರು. ನಾನು ಹಸಿರಿಗೆ ಕಾದು ಕೂತೆ. ಸಿಗ್ನಲ್ಲಿನಲ್ಲಿ ಕಾದ ಹಾಗೆ. ಪಕ್ಕದ ಗಾಡಿ ಆಗಲೇ ಹೋಗಿತ್ತು. ಕೊನೆಯ ಹಳದಿಗೇ ಹೊರಡಬೇಕು, ಕಾಲು ಒತ್ತಿ ಗಾಡಿ ಕದಲುವಷ್ಟರಲ್ಲಿ ಹಸಿರು ಬಂದಿರುತ್ತದೆ ಅಂತ ಆಮೇಲೆ 454 ಅಕ್ಕ ಹೇಳಿಕೊಟ್ಟರು. ಆ ದಿನದ ಚೀಟಿ ಇನ್ನೂ ಇದೆ. 14.41 ಸೆಕೆಂಡು. ಮೊದಲ 60 ಅಡಿಗೆ 2.31. ರಾಮಣ್ಣ ಚೀಟಿ ನೋಡಿ, ಜೋರಾಗಿ ಓದಿ, ನಾಲ್ಕಾಗಿ ಮಡಚಿ ನನ್ನ ಜೇಬಿಗೇ ತುರುಕಿದ. "ಇದನ್ನ ಫ್ರೇಮ್ ಹಾಕಿಸು. ಮುಂದೆ ಬೇಕಾಗುತ್ತೆ" ಅಂದ.

ಈ ಚೀಟಿ ವಿಷಯ ಸ್ವಲ್ಪ ಹೇಳಬೇಕು. ಓಟ ಮುಗಿಸಿ ವಾಪಸ್ ಬರುವ ದಾರಿಯಲ್ಲಿ ಒಂದು ಗೂಡು, ಅಲ್ಲಿ ಟೈಮ್ ಚೀಟಿ ಕೊಡುತ್ತಾರೆ. ಕ್ಲಬ್ಬಿನಲ್ಲಿ ಮಾತಿಗೆ ಬೆಲೆ ಇಲ್ಲ, ಚೀಟಿಗೆ ಬೆಲೆ. ನಾನು ಮನೆ ಹತ್ತಿರ ಅಷ್ಟು ಓಡಿಸಿದೆ, ಹೈವೇಯಲ್ಲಿ ಇವನನ್ನು ಹಿಂದೆ ಹಾಕಿದೆ ಅಂದರೆ ಯಾರೂ ಕೇಳುವುದಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದ್ದು ಗೊತ್ತಾದರೆ ಕ್ಲಬ್ಬಿನಿಂದ ತೆಗೆಯುತ್ತಾರೆ. ನನ್ನ ಕಣ್ಣೆದುರೇ ಇಬ್ಬರನ್ನು ತೆಗೆದರು. ಅವರಲ್ಲಿ ಒಬ್ಬ ಅಜ್ಜನ ಸ್ವಂತ ಅಳಿಯ. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟ ಅವರ ಮನೆಯಲ್ಲಿ ಹೇಗೆ ನಡೆಯಿತೋ ಗೊತ್ತಿಲ್ಲ.

ಚೀಟಿಗಳನ್ನೆಲ್ಲ ಸೈಕ್ಲೋನ್ ಅಜ್ಜ ಒಂದು ಶಾಲೆಯ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರು ನಮ್ಮ ಜಗಳಕ್ಕೆ ಬರುತ್ತಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಸೈಕ್ಲೋನ್ 1991ರಲ್ಲಿ ಬರೀ 2,995 ತಯಾರಾದ ಗಾಡಿ. 4.3 ಲೀಟರಿನ ಟರ್ಬೊ ವಿ6, ನಾಲ್ಕೂ ಚಕ್ರಕ್ಕೆ ಶಕ್ತಿ. ಆ ವರ್ಷ ಕಾರ್ ಅಂಡ್ ಡ್ರೈವರ್ ಪತ್ರಿಕೆ ಇದನ್ನು ಫೆರಾರಿ 348ರ ಜೊತೆ ನಿಲ್ಲಿಸಿ ಕಾಲು ಮೈಲಿ ಓಡಿಸಿತ್ತು. ಸೈಕ್ಲೋನ್ ಮುಂದೆ ಬಂದಿತ್ತು. ಆ ಗಾಡಿಯಲ್ಲಿ ಸಾಮಾನು ಹೊರಬಹುದಾದದ್ದು 500 ಪೌಂಡ್ ಮಾತ್ರ. "ಸಾಮಾನು ಹೊರೋಕೆ ನೀವಿದ್ದೀರಲ್ಲ" ಅನ್ನುತ್ತಿದ್ದರು ಅಜ್ಜ.

454 ಅಕ್ಕನ ಕತೆ ಇನ್ನೂ ಚೆನ್ನ. ಅವರ ಗಾಡಿಯಲ್ಲಿ 7.4 ಲೀಟರ್ ಇಂಜಿನ್ ಇದೆ, ಆದರೆ 230 ಹಾರ್ಸ್‌ಪವರ್ ಅಷ್ಟೇ. ಕಾಲು ಮೈಲಿಗೆ 16 ಸೆಕೆಂಡು. ಆದರೂ ಕ್ಲಬ್ಬಿನ ವರ್ಷದ ಟ್ರೋಫಿ ಎರಡು ಸಲ ಅವರ ಮನೆಗೆ ಹೋಯಿತು. ಟ್ರೋಫಿಗೆ ನಾವು ಓಡಿಸುವುದು ಬ್ರಾಕೆಟ್ ರೇಸು. ನಿನ್ನ ಗಾಡಿ ಎಷ್ಟರಲ್ಲಿ ಓಡುತ್ತದೆ ಅಂತ ಮೊದಲೇ ಗಾಜಿನ ಮೇಲೆ ಬರೆಯಬೇಕು. ನಿಧಾನದ ಗಾಡಿಗೆ ಅಷ್ಟು ಮುಂಚೆ ಹಸಿರು ಸಿಗುತ್ತದೆ. ಬರೆದದ್ದಕ್ಕಿಂತ ವೇಗವಾಗಿ ಓಡಿದರೆ ಔಟ್. ಅಂದರೆ ಗಾಡಿಯ ತಾಕತ್ತಿಗಿಂತ ಓಡಿಸುವವರ ಶಿಸ್ತು ಮುಖ್ಯ. ಅಕ್ಕನ ಗಾಡಿ ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ. ನಾನೂ ರಾಮಣ್ಣನೂ ಒಬ್ಬರನ್ನೊಬ್ಬರು ಹೊಡೆಯುವ ಗಡಿಬಿಡಿಯಲ್ಲಿ ಔಟಾಗುತ್ತಿದ್ದೆವು. ಅಕ್ಕ ಒಂದೂ ಮಾತಾಡದೆ ಟ್ರೋಫಿ ಎತ್ತಿಕೊಂಡು, ಸೀಟ್‌ಬೆಲ್ಟ್ ಹಾಕಿಸಿ, ಮನೆಗೆ ಹೋಗುತ್ತಿದ್ದರು.

ಆದರೆ ನಮಗೆ ಟ್ರೋಫಿ ಬೇಕಾಗಿರಲಿಲ್ಲ. 12 ಬೇಕಾಗಿತ್ತು, ಅಂದರೆ 13 ಸೆಕೆಂಡಿನ ಒಳಗಿನ ಓಟ. ನಮ್ಮಿಬ್ಬರಲ್ಲಿ ಯಾರ ಚೀಟಿಯಲ್ಲಿ ಮೊದಲು 12 ಅನ್ನುವ ಅಂಕಿ ಬರುತ್ತದೆ ಅನ್ನುವುದೇ ಪಂದ್ಯ.

2011ರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಕ್ಲಬ್ಬಿನವನೊಬ್ಬನಿಂದ ಸೆಕೆಂಡ್ ಹ್ಯಾಂಡ್ ಪುಲ್ಲಿ ಕೊಂಡು ಹಾಕಿದೆ. ಇಂಜಿನ್ ಕೆಳಗಿನ ಪುಲ್ಲಿ ದೊಡ್ಡದಾದರೆ ಸೂಪರ್‌ಚಾರ್ಜರ್ ಜೋರಾಗಿ ತಿರುಗುತ್ತದೆ, ಗಾಳಿ ಜಾಸ್ತಿ, ಶಕ್ತಿ ಜಾಸ್ತಿ. ಪುಲ್ಲಿ ಜೊತೆ ಇಂಜಿನ್ ಕಂಪ್ಯೂಟರಿನ ಟ್ಯೂನೂ, ಅಂದರೆ ಅದರೊಳಗಿನ ಲೆಕ್ಕವೂ, ಬದಲಿಸಬೇಕು. ಅದಕ್ಕೆ ದುಡ್ಡು ಬೇಕು, ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಸಾಫ್ಟ್‌ವೇರ್ ಬರೆಯುವ ನಾನೇ ಸಾಫ್ಟ್‌ವೇರಿಗೆ ದುಡ್ಡು ಉಳಿಸಲು ಹೋದೆ. ಗಾಳಿ ಅಳೆಯುವ ಸೆನ್ಸರ್ 5 ವೋಲ್ಟ್‌ವರೆಗೆ ಮಾತ್ರ ಲೆಕ್ಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಗಾಳಿ ಬಂದರೆ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅದು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಬೆಂಕಿ ತಪ್ಪು ಹೊತ್ತಿಗೆ ಹತ್ತಿಕೊಳ್ಳುತ್ತದೆ.

ಆ ದಿನ ಎರಡು ಓಟ ಚೆನ್ನಾಗಿಯೇ ಆಯಿತು. 13.4 ಬಂತು, ಹಿಗ್ಗಿದೆ. ಮುಂದಿನ ಓಟ ರಾಮಣ್ಣನ ಜೊತೆ. ಸಾಲಿನಲ್ಲಿ ನಿಂತಿದ್ದಾಗ ಅವನು ಬಂದು ಕಿಟಕಿ ತಟ್ಟಿದ.

"ಹೊರಗೆ ಬಾ. ಗಾಡಿ ಸಾಲಿನಿಂದ ತೆಗೆ."

"ಯಾಕೆ, ಹೆದರಿಕೆ ಆಯ್ತಾ?"

"ಹಿಂದಿನ ಓಟದಲ್ಲಿ ಗೋಡೆ ಹತ್ತಿರ ನಿಂತು ಕೇಳಿದೆ. ನಿನ್ನ ಇಂಜಿನ್ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಮಾಡ್ತಿದೆ."

ನನಗೆ ಕೇಳಿಸಿರಲಿಲ್ಲ. ಒಳಗೆ ಕೂತವನಿಗೆ ಸೂಪರ್‌ಚಾರ್ಜರಿನ ಸಿಳ್ಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಪ್ಲಗ್ ಬಿಚ್ಚೋಣ ಅಂದ. ನಾನು ಸ್ಪ್ಯಾನರ್ ತರಲು ಹೋದರೆ ಬೈದ. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು, ತಣ್ಣಗಾಗಲಿ ಅಂತ ಒಂದು ಗಂಟೆಗೂ ಜಾಸ್ತಿ ಕೂರಿಸಿದ. ಆ ಹೊತ್ತಿನಲ್ಲಿ ಅವನ ಎರಡು ಓಟದ ಸರದಿ ಹೋಯಿತು. ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿಯ ಭಾಗವನ್ನು ಭೂತಗನ್ನಡಿಯಲ್ಲಿ ತೋರಿಸಿದ. ಕರಿಮೆಣಸಿನ ಪುಡಿ ಉದುರಿದ ಹಾಗೆ ಚುಕ್ಕಿಗಳು, ನಡುವೆ ಒಂದೆರಡು ಮಿನುಗುವ ಕಣ. "ಇದು ನಿನ್ನ ಪಿಸ್ಟನ್" ಅಂದ. ಪಿಸ್ಟನ್ನಿನ ಅಲ್ಯೂಮಿನಿಯಂ ಕಿತ್ತು ಬಂದು ಪ್ಲಗ್ಗಿಗೆ ಅಂಟಿತ್ತು. ಇನ್ನೊಂದು ಓಟಕ್ಕೆ ಇಂಜಿನ್ ಹೋಗುತ್ತಿತ್ತು.

ಥ್ಯಾಂಕ್ಸ್ ಅಂದೆ. "ನಿನ್ನ ಮೇಲಿನ ಪ್ರೀತಿಗಲ್ಲ. ಮುರಿದ ಗಾಡಿ ಸೋಲಿಸಿದೆ ಅಂತ ನನ್ನ ಪುಸ್ತಕದಲ್ಲಿ ಬರೀಬಾರದು" ಅಂದ. ಆಮೇಲೆ ಎಂಟು ಹೊಸ ಪ್ಲಗ್ ಕೊಟ್ಟು ಪೂರ್ತಿ ದುಡ್ಡು ವಸೂಲಿ ಮಾಡಿದ. ಒಂದು ಡಾಲರೂ ಬಿಡಲಿಲ್ಲ. ಮೆಲ್ಲಗೆ, ಕಾಲು ಜೋರಾಗಿ ಇಡದೆ, ಮನೆ ಸೇರಿದೆ. ಟ್ಯೂನ್ ಮಾಡಿಸಿದ ಮೇಲೆಯೇ ಮತ್ತೆ ಓಡಿಸಿದ್ದು. ಆಮೇಲೆ ಡೈನೋ ಅನ್ನುವ ಶಕ್ತಿ ಅಳೆಯುವ ಯಂತ್ರದಲ್ಲಿ ಅಳೆದಾಗ ಹಿಂದಿನ ಚಕ್ರದಲ್ಲಿ 391 ಹಾರ್ಸ್‌ಪವರ್ ಸಿಕ್ಕಿತು.

ಇದಕ್ಕೆ ಸೇಡು ಅಂತ ಅಲ್ಲ, ಆದರೆ 2012ರ ಆಗಸ್ಟಿನಲ್ಲಿ ನನಗೂ ಒಂದು ಅವಕಾಶ ಸಿಕ್ಕಿತು. ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂನಲ್ಲಿ ಪ್ರತಿ ವರ್ಷ ಆಗಸ್ಟಿನ ಮೂರನೇ ಶನಿವಾರ ಡ್ರೀಮ್ ಕ್ರೂಸ್. 1995ರಲ್ಲಿ ಶುರುವಾದದ್ದು. ಹಳೇ ಕಾರುಗಳ ರಥೋತ್ಸವ ಅನ್ನಿ. ಆ ಜನಜಂಗುಳಿಯ ನಡುವೆ, ಸಾವಿರಾರು ಜನ ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗ, ರಾಮಣ್ಣನ ಗಾಡಿಯಲ್ಲಿ ಪೆಟ್ರೋಲ್ ಖಾಲಿ. 8.3 ಲೀಟರಿನ ಇಂಜಿನ್ ಆನ್ ಇಟ್ಟುಕೊಂಡು ನಾಲ್ಕು ಗಂಟೆ ತೆವಳಿದರೆ ಇನ್ನೇನಾಗುತ್ತದೆ? ನನಗೆ ಫೋನ್ ಮಾಡಿದ. ನಾನು ಕ್ಯಾನ್ ತಗೊಂಡು ಹೋದೆ, ಒಂದು ಷರತ್ತಿನ ಮೇಲೆ. ನನ್ನ ನೀಲಿ ಗಾಡಿಯ ಹಿಂದೆ ಹಗ್ಗ ಕಟ್ಟಿ ಅವನ ಕೆಂಪು ಗಾಡಿ ಎಳೆಯುತ್ತಿರುವ ಫೋಟೋ ತೆಗೆಯಬೇಕು, ಆಮೇಲೆ ಪೆಟ್ರೋಲು. ಅಜ್ಜ ಆ ಫೋಟೋ ನೋಟ್ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದರು.

ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಉಪ್ಪಿಗೆ ಗಾಡಿಯ ತಳ ತುಕ್ಕು ಹಿಡಿಯುತ್ತದೆ. ಹಾಗಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ಗಾಡಿಗಳು ಗ್ಯಾರೇಜಿನಲ್ಲಿ, ನಾವು ಒಬ್ಬರಿನ್ನೊಬ್ಬರ ಗ್ಯಾರೇಜಿನಲ್ಲಿ. ನವೆಂಬರ್ 15ಕ್ಕೆ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದರಿಂದ ಆ ವಾರ ಮಾತ್ರ ಯಾರೂ ಸಿಗುವುದಿಲ್ಲ. ಆಮೇಲೆ ಅವರು ಜಿಂಕೆ ಮಾಂಸದ ಸಾಸೇಜ್ ತರುತ್ತಿದ್ದರು, ನಾನು ಕೋರಿ ರೊಟ್ಟಿ ತರುತ್ತಿದ್ದೆ. ರಾಮಣ್ಣ ಮೊದಲ ಸಲ ಒಣ ರೊಟ್ಟಿಯನ್ನು ಸಾರು ಹಾಕದೆ ಚಿಪ್ಸ್ ತರ ಕಡಿದ. ತಪ್ಪು ಅಂತ ಹೇಳಲು ಮನಸ್ಸಾಗಲಿಲ್ಲ. ಎರಡನೇ ವರ್ಷದಿಂದ ಕಾರ ಜಾಸ್ತಿ ಹಾಕು ಅಂತ ಕೇಳತೊಡಗಿದ.

2013ರಲ್ಲಿ ಕೆಟ್ಟಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅವನದ್ದು 13.04, ನನ್ನದು 13.21. ಅಕ್ಟೋಬರಿನ ಒಂದು ತಣ್ಣನೆಯ ದಿನ ನಾನು 12.94 ಓಡಿಸಿದೆ. ಅಜ್ಜ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಎಲ್ಲರೂ ಬೆನ್ನು ತಟ್ಟಿದರು. ರಾಮಣ್ಣ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದವನು ಎಲ್ಲರೆದುರು ಕೇಳಿದ, "ಬಾಟಲಿ ಎಲ್ಲಿಟ್ಟಿದ್ದೀಯಾ?"

ಬಾಟಲಿ ಅಂದರೆ ನೈಟ್ರಸ್. ಕದ್ದು ಹಾಕಿಕೊಂಡರೆ ಇಂಜಿನ್ನಿಗೆ ಕೆಲವು ಸೆಕೆಂಡು ಹೆಚ್ಚಿನ ಬಲ ಬರುತ್ತದೆ. ನಮ್ಮ ಪಂದ್ಯದಲ್ಲಿ ಅದು ಮೋಸ. ಒಂದೇ ದಿನಕ್ಕೆ ಕಾಲು ಸೆಕೆಂಡಿಗೂ ಜಾಸ್ತಿ ಹೇಗೆ ಇಳಿಯಿತು ಅಂತ ಅವನ ಪ್ರಶ್ನೆ. ಸೀಟಿನ ಹಿಂದೆ ನೋಡಿದ, ತೊಟ್ಟಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟ. ಏನೂ ಇರಲಿಲ್ಲ. ಆದರೂ ತಪ್ಪಾಯ್ತು ಅನ್ನಲಿಲ್ಲ.

ನಿಜವಾಗಿ ನಡೆದದ್ದು ಇಷ್ಟು. ಆ ದಿನ ಗಾಳಿ ತಣ್ಣಗಿತ್ತು, ಒಣಗಿತ್ತು. ತಣ್ಣನೆ ಗಾಳಿ ದಪ್ಪ, ಅದರಲ್ಲಿ ಆಮ್ಲಜನಕ ಜಾಸ್ತಿ. ಸೂಪರ್‌ಚಾರ್ಜರಿನ ದೊಡ್ಡ ಶತ್ರು ಬಿಸಿ, ಹಾಗಾಗಿ ಎರಡು ಓಟದ ನಡುವೆ ಬಾನೆಟ್ ತೆರೆದು ಅದರ ಮೇಲೆ ಐಸ್ ಚೀಲ ಇಟ್ಟು ಮುಕ್ಕಾಲು ಗಂಟೆ ಕಾದಿದ್ದೆ. ಹಿಂದೆ ಡ್ರ್ಯಾಗ್ ರೇಡಿಯಲ್, ಅಂದರೆ ಇಂಥ ರೇಸಿಗೇ ಮಾಡಿದ ಹಿಡಿತದ ಟೈರ್ ಹಾಕಿದ್ದೆ. ಅದರ ಗಾಳಿಯನ್ನು ಒಂದೊಂದೇ ಪೌಂಡ್ ಇಳಿಸುತ್ತಾ ಬಂದಿದ್ದೆ. ಗಾಳಿ ಕಮ್ಮಿಯಾದರೆ ಟೈರು ನೆಲಕ್ಕೆ ಅಗಲವಾಗಿ ಕೂರುತ್ತದೆ, ಹಿಡಿತ ಜಾಸ್ತಿ. ತೀರಾ ಕಮ್ಮಿಯಾದರೆ ಗಾಡಿ ಕೊನೆಯಲ್ಲಿ ಓಲಾಡುತ್ತದೆ. ಆ ನಡುವಿನ ಸರಿಯಾದ ಅಂಕಿ ಆ ದಿನ ಸಿಕ್ಕಿತ್ತು. ಮೊದಲ 60 ಅಡಿ 1.98ರಿಂದ 1.86ಕ್ಕೆ ಇಳಿದಿತ್ತು. ಆ ಮೊದಲ 60 ಅಡಿಯಲ್ಲಿ ಉಳಿಸಿದ ಸಮಯ ಕೊನೆಗೆ ಒಂದೂವರೆ ಪಟ್ಟಾಗಿ ವಾಪಸ್ ಬರುತ್ತದೆ. ಉಳಿದದ್ದು ತಣ್ಣನೆ ಗಾಳಿ. ಬಾಟಲಿ ಇಲ್ಲ, ಮಾಟ ಇಲ್ಲ.

ಇದನ್ನು ಅವನಿಗೆ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೆದುರು ಕಳ್ಳ ಅಂದನಲ್ಲ ಅಂತ ಸಿಟ್ಟು. ನನ್ನ ಗಾಡಿಯ ಇಂಜಿನ್ ಉಳಿಸಿದವನೇ ಹೀಗೆ ಅಂದದ್ದು ಇನ್ನೂ ಚುಚ್ಚಿತು. ಮತ್ತೆ, ನಿಜ ಹೇಳಬೇಕಂದರೆ, ಟೈರಿನ ಗಾಳಿಯ ಲೆಕ್ಕ ಬಿಟ್ಟುಕೊಡಲು ಇಷ್ಟ ಇರಲಿಲ್ಲ.

ಆ ಚಳಿಗಾಲ ನಾನು ಯಾರ ಗ್ಯಾರೇಜಿಗೂ ಹೋಗಲಿಲ್ಲ. ಅವನೂ ಹೋಗಲಿಲ್ಲವಂತೆ. ಕೋರಿ ರೊಟ್ಟಿ ಇಲ್ಲದೆ ಎಲ್ಲರೂ ಸಪ್ಪೆಯಾಗಿದ್ದಾರೆ ಅಂತ 454 ಅಕ್ಕ ಫೋನ್ ಮಾಡಿದರು. "ರಾಮಣ್ಣನ ಸುದ್ದಿಯೇ ಇಲ್ಲ?" ಅಂತ ಅಮ್ಮನೂ ಕೇಳಿದರು. ಬ್ಯುಸಿ ಇದ್ದಾನೆ ಅಂದೆ.

ಮಾರ್ಚ್‌ನಲ್ಲಿ ಅಜ್ಜ ಫೋನ್ ಮಾಡಿ, ಒಹಾಯೋದ ಟೊಲೀಡೋದಲ್ಲಿ ಒಂದು ಗೇರ್‌ಬಾಕ್ಸ್ ಇದೆ, ತರಬೇಕು, ಎತ್ತಲು ಜನ ಬೇಕು ಬಾ ಅಂದರು. ಬೆಳಿಗ್ಗೆ ಹೋದರೆ ಅವರ ಮನೆ ಮುಂದೆ ರಾಮಣ್ಣ ನಿಂತಿದ್ದ. ಅಜ್ಜನ ಸೊಂಟ ಹಿಡಿದುಕೊಂಡಿದೆಯಂತೆ, ಬರಲು ಆಗುವುದಿಲ್ಲವಂತೆ. ಸೊಂಟ ಹಿಡಿದವರು ಅಷ್ಟು ಸಲೀಸಾಗಿ ಮೆಟ್ಟಿಲಿಳಿದು ಬೀಗದ ಕೈ ಕೊಟ್ಟು ಹೋಗುವುದನ್ನು ನಾನು ನೋಡಿರಲಿಲ್ಲ. ಅವರ ಹಳೇ ವ್ಯಾನಿನಲ್ಲಿ ನಾವಿಬ್ಬರೇ. ರೇಡಿಯೋ ಕೆಟ್ಟಿತ್ತು. ಹೋಗುವಾಗ ಒಂದು ಮಾತೂ ಇಲ್ಲ. ಗೇರ್‌ಬಾಕ್ಸ್ ಎತ್ತುವಾಗ "ನಿನ್ನ ಕಡೆ ಎತ್ತು", "ಬಿಡು", "ಕೈ ನೋಡ್ಕೋ", ಅಷ್ಟೇ. ವಾಪಸ್ ಬರುವಾಗ ಮಿಷಿಗನ್ ಗಡಿ ದಾಟಿದ ಮೇಲೆ, ರಸ್ತೆ ನೋಡುತ್ತಲೇ ಕೇಳಿದ.

"ಆ ದಿನ ಹಿಂದಿನ ಟೈರಿನಲ್ಲಿ ಎಷ್ಟಿತ್ತು?"

ನಾನು ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ಹೇಳಿದೆ, "22."

ಅವನು ನನ್ನ ಮುಖ ನೋಡಿದ. ಆಮೇಲೆ ಎಷ್ಟು ಜೋರಾಗಿ ನಕ್ಕ ಅಂದರೆ ವ್ಯಾನು ಪಕ್ಕದ ಲೇನಿಗೆ ಹೋಯಿತು. 22 ಅಂದರೆ ಹಸಿ ಸುಳ್ಳು ಅಂತ ಅವನಿಗೂ ಗೊತ್ತು, ಅವನಿಗೆ ಗೊತ್ತು ಅಂತ ನನಗೂ ಗೊತ್ತು. ಬಾಟಲಿ ಮಾತು ಮತ್ತೆ ಬರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅವನು ದೊಡ್ಡ 22 ಇಂಚಿನ ಚಕ್ರ ಬಿಚ್ಚಿ, ಚಿಕ್ಕ ಚಕ್ರಕ್ಕೆ ಡ್ರ್ಯಾಗ್ ರೇಡಿಯಲ್ ಹಾಕಿಕೊಂಡು ಬಂದ. 12.91 ಓಡಿಸಿದ. ನಾನು ಹೋಗಿ ಎಲ್ಲರೆದುರು ಅವನ ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಅಜ್ಜನೂ ನಕ್ಕರು, ಅವರು ಅಷ್ಟು ಸುಲಭಕ್ಕೆ ನಗುವವರಲ್ಲ.

ಆಮೇಲಿನ ವರ್ಷಗಳು ಬೇಗ ಹೋದವು. ಮಕ್ಕಳು, ಮನೆ ಸಾಲ, ಕೆಲಸ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ಅಮೆರಿಕದವರೆಗೂ ಬಂತು. ಕ್ಲಬ್ಬಿನವರಿಗೆ ವೀಡಿಯೋ ತೋರಿಸಿದೆ. ರಾಮಣ್ಣ ಮೂರು ಸಲ ನೋಡಿ ಒಂದೇ ಪ್ರಶ್ನೆ ಕೇಳಿದ: "ಮೊದಲ 60 ಅಡಿ ಎಷ್ಟು?"

2022ರಲ್ಲಿ ಹೊಸ ತಲೆನೋವು. ಫೋರ್ಡ್ ಕಂಪನಿ ಲೈಟ್ನಿಂಗ್ ಅನ್ನುವ ಹೆಸರನ್ನೇ ಎಲೆಕ್ಟ್ರಿಕ್ ಪಿಕಪ್ಪಿಗೆ ಇಟ್ಟು ಮಾರತೊಡಗಿತು. ಅದನ್ನು ಕೊಂಡ ಹುಡುಗನೊಬ್ಬ ಕ್ಲಬ್ಬಿಗೆ ಸೇರಬೇಕು ಅಂತ ಬಂದ. 580 ಹಾರ್ಸ್‌ಪವರ್, ನಾಲ್ಕು ಬಾಗಿಲು, ತೂಕ ಆರೂವರೆ ಸಾವಿರ ಪೌಂಡಿಗೂ ಜಾಸ್ತಿ. ಸದ್ದೇ ಇಲ್ಲ. ಹಳೇ ಲೈಟ್ನಿಂಗ್‌ನವರೆಲ್ಲ ಬೇಡವೇ ಬೇಡ ಅಂದೆವು. ಗೇರ್ ಇಲ್ಲ, ಪ್ಲಗ್ ಇಲ್ಲ, ಚಳಿಗಾಲದಲ್ಲಿ ಬಿಚ್ಚಲು ಏನಿದೆ ಅದರಲ್ಲಿ? ಸೇರಿಸಿಕೊಳ್ಳಲೇಬೇಕು ಅಂತ ಹಟ ಹಿಡಿದವನು ಡಾಡ್ಜ್‌ನ ರಾಮಣ್ಣ. ಕಾರಣ ಅವನೇ ಹೇಳಿದ. ಬ್ಲೂ ಒಂದು ಲೈಟ್ನಿಂಗಿನಿಂದ ಸೋಲುವುದನ್ನು ಸಾಯುವ ಮೊದಲು ನೋಡಬೇಕಂತೆ.

ನೋಡಿದ. ಆ ಹುಡುಗ ಏಸಿ ಹಾಕಿಕೊಂಡು, ಹಾಡು ಕೇಳುತ್ತಾ, 12.8ರಲ್ಲಿ ಗೆರೆ ದಾಟಿದ. ನಾನು ಇಷ್ಟು ವರ್ಷ ಐಸ್ ಚೀಲ ಹೊತ್ತದ್ದೆಲ್ಲ ಕಣ್ಣ ಮುಂದೆ ಬಂತು. ಅಜ್ಜ ಅವನಿಗೆ ಪುಸ್ತಕದಲ್ಲಿ ಬೇರೆ ಪುಟ ಮಾಡಿದರು. ನಮ್ಮ ಪುಟದಲ್ಲಿ ಬರೆಯಲಿಲ್ಲ, ಅಷ್ಟು ಮಾತ್ರ ನಮ್ಮ ಮಾನ ಉಳಿಸಿದರು. ಹುಡುಗ ಒಳ್ಳೆಯವನು. ಒಂದು ದಿನ ನನ್ನ ಹತ್ತಿರ ಬಂದು, "ಟೈರಿನ ಗಾಳಿ ಇಳಿಸಿದರೆ ಇನ್ನೂ ಬೇಗ ಹೋಗುತ್ತಂತಲ್ಲ, ಎಷ್ಟು ಇಡಬೇಕು?" ಅಂತ ಕೇಳಿದ. ಪಾಪ, ಯಾರೂ ಹೇಳಿರಲಿಲ್ಲ ಅದನ್ನು ಕೇಳಬಾರದು ಅಂತ.

ರಾಮಣ್ಣ ನಿವೃತ್ತನಾಗಿ ಟೆನೆಸಿಗೆ ಹೋದ. ಚಳಿ ಸಾಕಾಗಿತ್ತಂತೆ, ಅಲ್ಲಿ ಗಾಡಿಯನ್ನು ಚಳಿಗಾಲದಲ್ಲೂ ಹೊರಗೆ ತೆಗೆಯಬಹುದಂತೆ. ಹೋಗುವ ಮೊದಲು ಕೊನೆಯ ಸಲ ಮೈಲನ್‌ನಲ್ಲಿ ಓಡಿಸಿದೆವು. ನಾನು ಗೆದ್ದೆ, ಸಮಯ ಅವನದ್ದು ಕಮ್ಮಿ. ಹೊರಡುವಾಗ ಅವನು ಒಂದು ಕ್ಷಣ ತಡ ಮಾಡಿದ್ದ, ಚೀಟಿಯ ಲೆಕ್ಕ ಗಾಡಿ ಕದಲಿದ ಮೇಲೆಯೇ ಶುರು. ಬೇಕಂತಲೇ ಮಾಡಿದನೋ ಏನೋ, ಕೇಳಲಿಲ್ಲ. ಅಜ್ಜನ ಪುಸ್ತಕದಲ್ಲಿ ಅಂಟಿಸಿದ್ದ ತನ್ನ 12.91ರ ಚೀಟಿಯನ್ನು ಕಿತ್ತು ನನಗೆ ಕೊಟ್ಟ. ಮನೆಗೆ ಬಂದು ತಿರುಗಿಸಿ ನೋಡಿದೆ. ಹಿಂದೆ ಪೆನ್ಸಿಲಿನಲ್ಲಿ ಒಂದೇ ಅಂಕಿ: 17.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ರಾಮಣ್ಣ ಸುಳ್ಳು ಹೇಳುವ ಜನ ಅಲ್ಲ ಮಾರಾಯ" ಅಂದರು.

ಮುಂದಿನ ವಾರ 17 ಇಟ್ಟು ಓಡಿಸಿದೆ. ಮೊದಲ 60 ಅಡಿ 1.97 ಬಂತು. ನನ್ನ ಮಾಮೂಲಿ ಗಾಳಿಗೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಹೋಗುತ್ತದೆ. ಅದು ಎಷ್ಟು ಅಂತ ನೀವು ಕೇಳಬಹುದು.

22.